ನಮ್ಮತ್ತೆ ರೋಲರ್ ಕೋಸ್ಟರ್ ಹತ್ತಿದ ವರ್ಷ

ನಮ್ಮತ್ತೆ ತಲೆಗೆ ನಾನೇ ಹೊಡೆದೆ ಅಂತ ನಮ್ಮೂರಲ್ಲಿ ಅರ್ಧ ಜನ ನಂಬ್ಕೊಂಡಿದ್ದಾರೆ. ಇನ್ನರ್ಧ ಜನ ನಂಬಿಲ್ಲ ಅಂತಲ್ಲ, ನನ್ನ ಎದುರಿಗೆ ಅನ್ನೋಕೆ ಹೆದರ್ತಾರೆ, ಅಷ್ಟೇ. ಬಾಯಿ ಜೋರಿರೋಳಿಗೆ ಕೈಯೂ ಜೋರಿರ್ತದೆ ಅಂತ ಜನದ ಲೆಕ್ಕ. ಆ ಲೆಕ್ಕ ಹಾಕೋರ ಬಾಯಿಗೆ ಮಣ್ಣು ಬೀಳ! ನಾನು ಹೊಡೆದಿಲ್ಲ. ಯಾರೂ ಹೊಡೆದಿಲ್ಲ. ಹೆಂಗಾಯ್ತು ಅಂತ ಸುರುವಿಂದ ಹೇಳಿಬಿಡ್ತೀನಿ, ಆಮೇಲೆ ನಂಬೋರು ನಂಬ್ಲಿ, ಬಿಡೋರು ಬಿಡ್ಲಿ.

ನಮ್ಮದು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಇರೋ ಹೊಗೆಸೊಪ್ಪಿನ ಊರು. ನಾನು ಮದುವೆಯಾಗಿ ಬಂದಾಗಿಂದ ಅತ್ತೆಗೂ ನಂಗೂ ದಿನಾ ಜಗಳ. ಎಮ್ಮೆಗೆ ಹುಲ್ಲು ಯಾವಾಗ ಹಾಕ್ಬೇಕು ಅಂತ ಜಗಳ, ಬಾಗಿಲಿಗೆ ನೀರು ಯಾರು ಹಾಕ್ಬೇಕು ಅಂತ ಜಗಳ. ಹೊಲದ ಆ ತುದೀಲಿ ಅವಳು ಕೂಗಿದ್ರೆ ಈ ತುದೀಲಿ ನಾನು ಕೂಗ್ಬೇಕು. ಅಕ್ಕಪಕ್ಕದ ಹೊಲದೋರು ಕುಡ್ಲು ಕೆಳಗಿಟ್ಟು ಕಿವಿ ಕೊಟ್ಟು ಕೇಳೋರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ನಮ್ಮ ಅತ್ತೆ ಸೊಸೆ ಜಗಳ ಉಣ್ಣೋವಾಗಲೂ ನಡೀತಿತ್ತು, ಮಲಗಿದ ಮೇಲೂ ಗೋಡೆ ಆ ಕಡೆಯಿಂದ ಈ ಕಡೆಗೆ ನಡೀತಿತ್ತು. ಆದರೆ ನಂಗೆ ಎರಡನೇ ಹೆರಿಗೆ ಕಷ್ಟವಾಗಿ ಏಳೋಕಾಗದೆ ಬಿದ್ದಿದ್ದಾಗ ನನ್ನ ಬಟ್ಟೆ ಒಗೆದೋಳು ಅವಳು. ಬೈಕೊಂಡೇ ಒಗೆದ್ಲು. ನಾನೂ ಬೈಸ್ಕೊಂಡೇ ಗುಣ ಆದೆ. ಇದನ್ನ ಊರಿನೋರು ಕೇಳಿಸ್ಕೊಂಡಿಲ್ಲ, ಯಾಕಂದ್ರೆ ಬಟ್ಟೆ ಒಗೆಯೋದು ಯಾರಿಗೂ ಕೇಳ್ಸಲ್ಲ.

ಸೊಪ್ಪಿನ ವಿಷಯಕ್ಕೆ ಅವಳದೇ ಕೊನೇ ಮಾತು. ಹೊಗೆಸೊಪ್ಪು ಮುರಿಯೋರಿಗೆ ಒಂದು ಕಾಯಿಲೆ ಬರ್ತದೆ. ಇಬ್ಬನಿಗೋ ಮಳೆಗೋ ನೆಂದಿರೋ ಹಸಿ ಎಲೇನ ಕಂಕುಳಲ್ಲಿ ಅವುಚ್ಕೊಂಡು ಸಾಲುಸಾಲು ನಡೆದ್ರೆ ಅದರ ರಸ ಮೈಯೊಳಗೆ ಇಳಿದು ತಲೆ ಸಿಡೀತದೆ, ಕಣ್ಣು ಕತ್ತಲೆ ಬರ್ತದೆ, ಕರುಳು ಕಿತ್ತು ಬರೋ ಹಂಗೆ ವಾಂತಿ ಆಗ್ತದೆ. ಸೊಪ್ಪಿನ ಅಮಲು ಅಂತೀವಿ. ಹೊಸಬರು ನೋಡಿದ್ರೆ ಇವಳ ಕತೆ ಮುಗೀತು ಅನ್ಕೋಬೇಕು, ನಮಗೆ ಅದು ನೆಗಡಿ ಇದ್ದಂಗೆ. ಹುಣಸೆಹಣ್ಣು ಬೆಲ್ಲ ಕಿವುಚಿದ ನೀರು ಕುಡಿಸಿ ಹೊಂಗೆ ಮರದ ಕೆಳಗೆ ಮಲಗಿಸಿದ್ರೆ ಮಾರನೇ ದಿನ ಎದ್ದು ಮತ್ತೆ ಸಾಲಿಗೆ ಇಳೀತಾರೆ. ಯಾರನ್ನ ಮಲಗಿಸ್ಬೇಕು, ಯಾರದು ನಾಟಕ, ಯಾರನ್ನ ಬೈದು ಎಬ್ಬಿಸ್ಬೇಕು ಅಂತ ತೀರ್ಮಾನ ಮಾಡೋಳು ನಮ್ಮತ್ತೆ. ಅಮಲಿಗೆ ಆಸ್ಪತ್ರೆಗೆ ಹೋಗೋದು ಅಂದ್ರೆ ಅವಳಿಗೆ ಮಾನ ಹೋದಂಗೆ. "ಸೊಪ್ಪು ಬೆಳ್ಯೋರು ಸೊಪ್ಪಿಗೆ ಎದ್ರುದ್ರೆ ಉಳ್ಳಿ ಬಿತ್ಕೊಳಿ ಓಗಿ" ಅನ್ನೋಳು.

ನಮ್ಮ ಕಡೆ ಸೊಪ್ಪಿನ ಕೆಲಸ ನಡೆಯೋದು ಮುಯ್ಯಾಳಿನ ಮೇಲೆ. ಇವತ್ತು ನೀವೆಲ್ಲ ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ನಾಟಿ ಮುಗಿದು ಎಲೆ ಬಲಿಯೋ ತನಕ ಒಂಚೂರು ಬಿಡುವು ಸಿಕ್ತದೆ. ಆ ಬಿಡುವಲ್ಲಿ ಮುಯ್ಯಿ ಹೆಂಗಸರೆಲ್ಲ ಸೇರಿ ಹುಣಸೂರಿಂದ ಒಂದು ವ್ಯಾನ್ ಮಾಡ್ಕೊಂಡು ಎಲ್ಲಿಗಾದ್ರೂ ಹೋಗಿಬರೋದು ರೂಢಿ. ಪ್ರತಿ ವರ್ಷ ಯಾವುದೋ ಬೆಟ್ಟ, ಯಾವುದೋ ದೇವರು. ಆ ವರ್ಷ ಮಾತ್ರ ನಾದಿನಿ ಮಗಳು ಬಾಯಿ ಹಾಕಿದ್ಲು. ನಾದಿನಿ ಅಂದ್ರೆ ನನ್ನ ಗಂಡನ ತಂಗಿ, ಕೆ.ಆರ್. ನಗರದ ಕಡೆ ಭತ್ತದ ಊರಿಗೆ ಕೊಟ್ಟಿರೋದು. ಕಾವೇರಿ ನೀರಿನ ಜನ, ನಮ್ಮ ಮನೆಗೆ ಬಂದ್ರೆ ಸೊಪ್ಪಿನ ಘಾಟಿಗೆ ಮೂಗು ಮುಚ್ಕೊಂಡು ಕೂತಿರ್ತಾರೆ. ಅವಳ ಮಗಳು ಕಾಲೇಜು ಹುಡುಗಿ, ಅಜ್ಜಿ ಅಂದ್ರೆ ಪ್ರಾಣ. ಅವತ್ತು ಫೋನ್ ಹಿಡ್ಕೊಂಡು ಬಂದು ಅಜ್ಜಿಗೆ ಒಂದು ಥೀಮ್ ಪಾರ್ಕಿನ ರೋಲರ್ ಕೋಸ್ಟರ್ ಗಾಡಿ ವಿಡಿಯೋ ತೋರಿಸಿದ್ಲು.

ಅತ್ತೆ ಫೋನನ್ನ ಕಣ್ಣಿನ ಹತ್ರ ಹಿಡಿದು ನೋಡಿ, "ಅಯ್ಯೋ ಇದರ ಮನೆ ಕಾಯ್ವಾಗ! ಕವಣೇಲಿ ಕಲ್ಲು ಬೀಸ್ದಂಗೆ ಜನಾನ ಬೀಸ್ತಾವ್ರಲ್ಲೇ" ಅಂದ್ಲು. ಇನ್ನೊಂದ್ಸಲ ಹಾಕಿಸ್ಕೊಂಡು ನೋಡಿದ್ಲು. ಆಮೇಲೆ, "ನಾನೂ ಇದ ಅತ್ಬೇಕು ಕಣೆ" ಅಂದ್ಲು.

ನಾವೆಲ್ಲ ನಕ್ವಿ. ಅವಳು ನಗಲಿಲ್ಲ. ಅದಕ್ಕೂ ಹಿಂದಿನ ವರ್ಷ ಅವಳಿಗೆ ಎದೆನೋವು ಬಂದು, ಮೈಸೂರಲ್ಲಿ ರಕ್ತನಾಳಕ್ಕೆ ಸ್ಪ್ರಿಂಗ್ ಹಾಕಿ ಕಳಿಸಿದ್ರು. ರಕ್ತ ಹೆಪ್ಪುಗಟ್ಟದಂಗೆ ತೆಳ್ಳಗೆ ಮಾಡೋ ಮಾತ್ರೆ ದಿನಾ ನುಂಗಬೇಕು. ಅವತ್ತಿಂದ ಅವಳನ್ನ ಎಲ್ಲಾರೂ ಕೂರಿಸೋರೇ. ಹೊರೆ ಹೊರಬೇಡ, ನೀರು ಸೇದಬೇಡ, ಕೂಗಾಡಬೇಡ. ಗಾಣದೆತ್ತಿನಂಗೆ ದುಡಿದೋಳನ್ನ ಮೂಲೇಲಿ ಕೂರಿಸಿದ್ರೆ ಹೆಂಗಾಗ್ಬೇಡ? ಅವಳಿಗೆ ಆ ಗಾಡಿ ಬೇಕಾಗಿರ್ಲಿಲ್ಲ, "ನಿನ್ನ ಕೈಲಾಗಲ್ಲ" ಅನ್ನೋರ ಬಾಯಿ ಮುಚ್ಚಿಸಬೇಕಾಗಿತ್ತು. ಅದು ನಂಗೆ ಅರ್ಥ ಆಗಿತ್ತು. ನನ್ನನ್ನ ಕೂರಿಸಿದ್ರೂ ನಾನು ಹಂಗೇ ಮಾಡ್ತಿದ್ದೆ.

ಹೋದ್ವಿ. ಮುಯ್ಯಿ ಹೆಂಗಸರೆಲ್ಲ ಪಾರ್ಕಿನೊಳಗೆ ಹೋಗ್ತಿದ್ದಂಗೆ ನೀರಾಟದ ಕಡೆ ಓಡಿದ್ರು. ಸೀರೆ ಸಮೇತ ನೀರಿಗೆ ಬಿದ್ದು ಕಿರಿಚ್ಕೊಂಡು ಮಕ್ಕಳಾಗಿಬಿಟ್ರು. ಅತ್ತೆ ಒಬ್ಬಳು ಮೊಮ್ಮಗಳ ಕೈ ಹಿಡ್ಕೊಂಡು ನೇರವಾಗಿ ಆ ಗಾಡಿ ಹತ್ರ ನಿಂತ್ಲು. ಮಗಳ ಜೊತೆ ಬಂದಿದ್ದ ನಾದಿನೀನೂ ನಾನೂ ಹಿಂದೆ ಹೋದ್ವಿ. ಅಲ್ಲಿ ಬೋರ್ಡ್ ಹಾಕಿದ್ರು. ಹೃದಯದ ತೊಂದರೆ ಇರೋರು, ರಕ್ತದೊತ್ತಡ ಇರೋರು, ಬಸುರಿಯರು, ಕುತ್ತಿಗೆ ಬೆನ್ನು ನೋವಿರೋರು ಹತ್ತಬಾರದು ಅಂತ ಕನ್ನಡದಲ್ಲೇ ಬರೆದಿತ್ತು.

"ಅತ್ತೆ, ಇದು ನಿನ್ನನ್ನೇ ನೋಡಿ ಬರ್ದಂಗದೆ. ಬಾ ಇಲ್ಲಿ" ಅಂದೆ.

"ನಾನು ಬಸ್ರೀನಾ?" ಅಂದ್ಲು. ಸಾಲಲ್ಲಿದ್ದೋರೆಲ್ಲ ನಕ್ಕುಬಿಟ್ರು.

ನಂಗೆ ಸಿಟ್ಟು ನೆತ್ತಿಗೇರ್ತು. ಎದೆಗೆ ಸ್ಪ್ರಿಂಗ್ ಹಾಕಿರೋದು ನೆನಪಿಲ್ವಾ, ಮಾತ್ರೆ ತಗೊಳ್ತಿರೋದು ನೆನಪಿಲ್ವಾ ಅಂತ ಕೂಗಿದೆ. "ನಂಗೊಂಚೂರು ಸಂತೋಸ ಆದ್ರೆ ನಿನ್ ಕಣ್ಗೆ ಮೆಣಸಿನಪುಡಿ ಬಿದ್ದಂಗಾಯ್ತದೆ" ಅಂತ ಅವಳೂ ಕೂಗಿದ್ಲು. ಒದ್ದೆ ಸೀರೆ ಹಿಂಡ್ಕೊಂಡು ಮುಯ್ಯಿ ಹೆಂಗಸರು ಬಂದು ಸುತ್ತ ನಿಂತ್ರು. ಕೊನೆಗೆ ನನ್ನ ಬಾಯಿಂದ ಬಂತು: "ಹೋಗು, ಹೋಗಿ ಸಾಯಿ ಅತ್ಲಾಗೆ!" ನಮ್ಮ ಮನೇಲಿ ದಿನಾ ಅನ್ನೋ ಮಾತು ಅದು. ಅವಳು ನಂಗೆ ಅಂತಾಳೆ, ನಾನು ಎಮ್ಮೆಗೆ ಅಂತೀನಿ. ಆದರೆ ಅಲ್ಲಿ ನಿಂತಿದ್ದೋರೆಲ್ಲ ಅದನ್ನ ಗಂಟು ಕಟ್ಟಿ ಇಟ್ಕೊಂಡ್ರು.

ಗೇಟಿನ ಹುಡುಗ ವಯಸ್ಸು ಕೇಳ್ದ. ಬಿಪಿ ಇದೆಯಾ, ಹಾರ್ಟ್ ಪ್ರಾಬ್ಲಮ್ ಇದೆಯಾ ಅಂತ ಕೇಳ್ದ. "ಏನೂ ಇಲ್ಲ ಕಣಪ್ಪ, ಕಲ್ಲಿದ್ದಂಗಿವ್ನಿ. ನಿನ್ನೆ ಮೊನ್ನೆವರ್ಗೂ ನಾಟಿ ಆಕಿವ್ನಿ" ಅಂತ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಅವಳನ್ನ ನೋಡಿದ್ರೆ ಯಾರೂ ನಂಬೋ ಹಂಗೇ ಇದ್ಲು. ನಾನು ಹಲ್ಲು ಕಚ್ಕೊಂಡು ಅವಳ ಪಕ್ಕದ ಸೀಟಲ್ಲಿ ಕೂತೆ. ಒಬ್ಬಳನ್ನೇ ಹೆಂಗೆ ಬಿಡೋದು?

ಅದು ನಿಧಾನಕ್ಕೆ ಮೇಲೆ ಹತ್ತಿ ಆಮೇಲೆ ಇಳೀತದೆ ಅಂತ ನಾನು ಅನ್ಕೊಂಡಿದ್ದೆ. ಹಂಗಲ್ಲ ಅದು. ಭುಜದ ಮೇಲೆ, ತಲೆಯ ಎರಡೂ ಪಕ್ಕಕ್ಕೆ ಬರೋ ಹಂಗೆ, ಕಬ್ಬಿಣದ ಕೊಂಡಿ ಇಳಿಸಿ ಬಿಗಿದ್ರು, ಗಾಡಿ ಒಂಚೂರು ಮುಂದೆ ಹೋಗಿ ಸುಮ್ನೆ ನಿಂತ್ಕೊಂಡ್ತು. ಕೆಳಗೆ ಏನೋ ಗುಂಯ್ ಅಂತಿತ್ತು. "ಕೆಟ್ಟೋಯ್ತಾ?" ಅಂತ ಅತ್ತೆ ಕೇಳಿದ್ಲು. ಆ ಮಾತು ಮುಗಿಯೋದ್ರೊಳಗೆ ಬೆನ್ನಿಗೆ ಗೂಳಿ ಗುದ್ದಿದಂಗಾಯ್ತು. ನಿಂತಿದ್ದ ಗಾಡಿ ಕಣ್ಣು ಮಿಟುಕಿಸೋದ್ರಲ್ಲಿ ಬಸ್ಸು ಕಾರಿಗಿಂತ ಜೋರಾಗಿ ಓಡ್ತಿತ್ತು. ತಲೆ ಹಿಂದಕ್ಕೆ ಹೋಗಿ ಅಂಟ್ಕೊಂಡ್ತು, ಉಸಿರು ಎಳೆಯೋಕೆ ಗಾಳೀನೇ ಸಿಗಲಿಲ್ಲ. ನೆಟ್ಟಗೆ ಆಕಾಶಕ್ಕೆ ಹೋಯ್ತು, ತಿರುಚ್ಕೊಂಡು ಬಿತ್ತು, ಮತ್ತೆ ಎದ್ದಿತು. ಪಕ್ಕಕ್ಕೆ ನೋಡಿದ್ರೆ ಅತ್ತೆ ತಲೆ ಆ ಕೊಂಡಿಗೆ ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ ಬಡೀತಿತ್ತು. ಕೊಂಡಿಗೆ ಮೆತ್ತೆ ಸುತ್ತಿದ್ರು, ರಕ್ತ ಬರೋ ಪೆಟ್ಟಲ್ಲ, ನಂಗೂ ಹಂಗೇ ಬಡೀತಿತ್ತು. ಅವಳು ಮಾತ್ರ ಬಾಯಿ ಅಷ್ಟಗಲ ತೆಗೆದು ಹೊಲದಲ್ಲಿ ಗಿಣಿ ಓಡಿಸೋ ಹಂಗೆ "ಹೋಓಓ" ಅಂತ ಕೂಗ್ತಿದ್ಲು.

ಇಳಿದ ಮೇಲೆ ನಾನು ಕಟ್ಟೆ ಮೇಲೆ ಕೂತು ಹೊಟ್ಟೇಲಿದ್ದದ್ದೆಲ್ಲ ಕಕ್ಕಿದೆ. ಅವಳು ಕೂದಲೆಲ್ಲ ಕೆದರ್ಕೊಂಡು, ಕಣ್ಣಲ್ಲಿ ನೀರು ಬರೋ ಹಂಗೆ ನಗ್ತಿದ್ಲು. "ನಿಮ್ಮಾವ ಇದ್ದಿದ್ರೆ ಅವ್ನನ್ನೂ ಕೂರ್ಸಿ ಒಂದ್ಸುತ್ತು ಒಡಿಸ್ತಿದ್ದೆ ಕಣೆ!" ಅಂದ್ಲು. ಮೊಮ್ಮಗಳು "ಅಜ್ಜಿ, ನನ್ ಜೊತೆ ಇನ್ನೊಂದ್ಸಲ, ಪ್ಲೀಸ್" ಅಂತ ಗಲ್ಲ ಹಿಡಿದು ಕೇಳಿದ್ಲು. ಹೋದ್ಲು. ಅದಾದ ಮೇಲೆ ಮತ್ತೊಂದ್ಸಲ ಹೋದ್ಲು. ಅಷ್ಟು ವರ್ಷದಲ್ಲಿ ನಾನು ಅವಳನ್ನ ಅಷ್ಟು ಖುಷಿಯಾಗಿ ನೋಡಿರ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ನಂಗೆ ಹೊಟ್ಟೆಕಿಚ್ಚೂ ಆಯ್ತು, ಕಣ್ಣೂ ತುಂಬ್ತು.

ಬರೋವಾಗ ವ್ಯಾನಲ್ಲಿ ತಲೆ ಭಾರ ಅಂದ್ಲು. ಬಿಸಿಲು ಅಂದ್ಕೊಂಡ್ವಿ. ಮನೆಗೆ ಬಂದು ಸರಿ ಹೋದ್ಲು, ಊರೆಲ್ಲಾ ತಿರುಗಿ ಆಕಾಶಕ್ಕೆ ಹೋಗಿಬಂದ ಕತೆ ಹೇಳಿದ್ಲು. ಅಷ್ಟರಲ್ಲಿ ಕೆಳಗಿನ ಎಲೆ ಬಲಿತು ಸೊಪ್ಪು ಮುರಿಯೋದು ಸುರುವಾಯ್ತು. ಮೊದಲನೇ ಮುರಿತ ಅಂದ್ರೆ ಬೆಳಕು ಹರಿಯೋ ಹೊತ್ತಿಗೆ ಹೊಲದಲ್ಲಿರಬೇಕು, ಮಧ್ಯಾಹ್ನದಿಂದ ಕೂತು ಎಲೇನ ಕಡ್ಡಿಗೆ ಕಟ್ಟಬೇಕು, ಸಾಯಂಕಾಲ ಸೊಪ್ಪು ಒಣಗಿಸೋ ಬ್ಯಾರನ್ ಮನೆಗೆ ತುಂಬಿ ಬೆಂಕಿ ಹಾಕಬೇಕು. ಅತ್ತೆಗೆ ಮುರಿಯೋಕೆ ಬರಬೇಡ, ಕಟ್ಟೋಕೆ ಮಾತ್ರ ಕೂರು ಅಂದಿದ್ವಿ. ಕಟ್ಟೋರಿಗೂ ರಸ ಮೈಗೆ ಹತ್ತೇ ಹತ್ತುತದೆ.

ಒಂದು ಬೆಳಿಗ್ಗೆ ಎದ್ದೋಳು ತಲೆ ಸಿಡೀತದೆ ಅಂತ ಗೋಡೆಗೆ ಒರಗಿದ್ಲು. ಆಮೇಲೆ ವಾಂತಿ. "ಅಮಲು ಕಣೆ. ಮೊದ್ಲ ಸೊಪ್ಪು, ಕಾವು ಜಾಸ್ತಿ" ಅಂತ ಅವಳೇ ಹೇಳಿದ್ಲು. ಅವಳೇ ಹೇಳಿದ ಮೇಲೆ ಮುಗೀತಲ್ಲ, ಅದಕ್ಕಿಂತ ಮೇಲಿನ ಡಾಕ್ಟ್ರು ನಮ್ಮೂರಲ್ಲಿ ಯಾರಿದ್ರು? ಹುಣಸೆಹುಳಿ ಬೆಲ್ಲದ ನೀರು ಕೊಟ್ವಿ. ಹೊಂಗೆ ಮರದ ಕೆಳಗೆ ಚಾಪೆ ಹಾಕಿದ್ವಿ. ಅವತ್ತು ನಮ್ಮ ಸಾಲಲ್ಲಿ ಇನ್ನೂ ಕೆಲವರು ವಾಂತಿ ಮಾಡ್ಕೊಂಡು ಅದೇ ಚಾಪೆ ಮೇಲೆ ಅವಳ ಪಕ್ಕ ಬಿದ್ಕೊಂಡಿದ್ರು. ಅವರು ಮಾರನೇ ದಿನ ಎದ್ರು. ಇವಳೂ ಎದ್ಲು, ಮತ್ತೆ ಕೂತ್ಲು. ಅದಾದ ಮೇಲೆ ದಿನಾ ಬೆಳಿಗ್ಗೆ ತಲೆನೋವು, ದಿನಾ ಚಾಪೆ. ಮಧ್ಯಾಹ್ನ ಒಂಚೂರು ಇಳಿದ್ರೆ ಬೇಡ ಅಂದ್ರೂ ಎದ್ದು ಕಡ್ಡಿ ಕಟ್ಟೋಕೆ ಕೂರೋಳು. ವಯಸ್ಸಾಯ್ತು, ಅಮಲು ಇಳಿಯೋದು ನಿಧಾನ ಅಂತ ನಮ್ಮ ಲೆಕ್ಕ.

ನಾದಿನಿ ಫೋನ್ ಮಾಡಿದ್ಲು. ಇಷ್ಟು ದಿನ ವಾಂತಿ ಅಂದ್ರೆ ಏನು, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದ್ಲು. ಅತ್ತೆ ಫೋನ್ ಕಿತ್ಕೊಂಡು, "ಗದ್ದೆ ಕೆಸ್ರಲ್ಲಿ ಬಿದ್ದಿರೋಳ್ಗೆ ಸೊಪ್ಪಿನ ವಿಸ್ಯ ಏನೇ ಗೊತ್ತು? ಬುಡು ಬುಡು, ಸರೋಯ್ತೀನಿ" ಅಂದ್ಲು. ಅದೇ ಹೊತ್ತಿಗೆ ನಾನು ಲೋಟ ಹಿಡ್ಕೊಂಡು, "ಸುಮ್ನೆ ಕುಡೀತೀಯೋ, ಇಲ್ಲಾ ಮೂಗು ಹಿಡಿದು ಹುಯ್ಯಲೋ?" ಅಂತ ಕೂಗಾಡ್ತಿದ್ದೆ. ಅದು ಆ ಕಡೆಗೆ ಕೇಳಿಸ್ತು. ನಾದಿನಿ ಅದನ್ನೂ ಗಂಟು ಕಟ್ಟಿ ಇಟ್ಕೊಂಡ್ಲು.

ಹಿಂಗಿರೋವಾಗ ಒಂದು ದಿನ ಬೆಳಗಾಗೆದ್ದು ಬ್ಯಾರನ್ ನೋಡೋಕೆ ಹೋದ ನನ್ನ ಗಂಡ ಕೂಗ್ತಾ ಬಂದ. ಸೀದ ವಾಸನೆ ಬರ್ತದೆ, ಕಡ್ಡಿಯಿಂದ ಎಲೆ ಜಾರಿ ಕೆಳಗೆ ಬಿದ್ದದೆ ಅಂದ. ಬ್ಯಾರನ್ ಅಂದ್ರೆ ಕಿಟಕಿ ಇಲ್ಲದ ಎತ್ತರದ ಮನೆ. ಮೇಲೆ ಅಟ್ಟಅಟ್ಟವಾಗಿ ಸೊಪ್ಪಿನ ಕಡ್ಡಿ ಸಾಲಾಗಿ ನೇತು ಹಾಕಿರ್ತೀವಿ, ಕೆಳಗೆ ನೆಲದ ಮೇಲೆ ಕಾದ ತಗಡಿನ ಕೊಳವೆ ಓಡಿರ್ತವೆ. ಒಣಗಿದ ಎಲೆ ಜಾರಿ ಕೊಳವೆ ಮೇಲೆ ಬಿದ್ರೆ ಹತ್ಕೊಳ್ತದೆ, ಬ್ಯಾರನ್ನೇ ಉರಿದುಹೋಗ್ತದೆ. ಅವನು ನೋಡ್ಕೊಂಡಿದ್ದಕ್ಕೆ ಉಳೀತು. "ಯಾವ ಸೋಂಬೇರಿ ಕಟ್ಟಿದ್ದು ಇದ?" ಅಂತ ಅಂಗಳದಲ್ಲಿ ನಿಂತು ಬಾಯಿ ಬಡ್ಕೊಂಡ. ಚಾಪೆ ಮೇಲಿಂದ ಅತ್ತೆ ನನ್ನ ಕಡೆ ಬೆರಳು ತೋರಿಸಿದ್ಲು.

ನಂಗೆ ಮೈಯೆಲ್ಲ ಉರಿದುಹೋಯ್ತು. ನೋಡೇಬಿಡ್ತೀನಿ ಅಂತ ಬ್ಯಾರನ್ ತಣ್ಣಗಾದ ಮೇಲೆ ಒಳಗೆ ನುಗ್ಗಿ ಕಡ್ಡಿ ಇಳಿಸಿದೆ. ಕಡ್ಡಿ ಕಟ್ಟೋದು ಅಂದ್ರೆ ಎಲೇನ ಜೋಡಿಸಿ ಒಂದ್ಸಲ ಬಲಕ್ಕೆ, ಒಂದ್ಸಲ ಎಡಕ್ಕೆ ದಾರ ತಿರುಗಿಸಿ ಬಿಗಿಯೋದು. ಎಡಕ್ಕೆ ಬಿಗಿಯೋವಾಗ ಎಡಗೈಲಿ ಅದುಮಿ ಹಿಡೀಬೇಕು. ಒಬ್ಬೊಬ್ಬರ ಕಟ್ಟು ಒಂದೊಂದು ಥರ, ನೋಡಿದ್ರೆ ಯಾರದು ಅಂತ ಗೊತ್ತಾಗ್ತದೆ. ಜಾರಿದ್ದ ಕಡ್ಡಿಗಳ ತುದೀಲಿ ಎರಡು ಗಂಟು ಇತ್ತು. ಎರಡು ಗಂಟು ಹಾಕೋಳು ಇಡೀ ಮುಯ್ಯೀಲಿ ನಮ್ಮತ್ತೆ ಒಬ್ಬಳೇ. ಸಿಕ್ಕಿಬಿದ್ಲಲ್ಲಾ ಮುದುಕಿ ಅಂತ ಖುಷಿಯಾಯ್ತು ನಂಗೆ, ದೇವರಾಣೆ. ಕಡ್ಡಿ ಹೊತ್ಕೊಂಡು ಜಗಳಕ್ಕೆ ಅಂತಲೇ ಅಂಗಳಕ್ಕೆ ಬಂದೆ.

ಬೆಳಕಲ್ಲಿ ನೋಡಿದೆ. ಬಲಗಡೆ ಕಟ್ಟು ಗಟ್ಟಿಯಾಗಿದೆ. ಎಡಗಡೇದು ಮಾತ್ರ ಒಂದೂ ಬಿಡದಂಗೆ ಸಡಿಲ. ಎಲ್ಲಾ ಕಡ್ಡಿಯಲ್ಲೂ ಎಡಗಡೇದೇ.

ತಿರುಗಿ ಅತ್ತೇನ ನೋಡಿದೆ. ಚಾಪೆ ಮೇಲೆ ಕೂತಿದ್ಲು. ಎಡಗೈ ತೊಡೆ ಮೇಲೆ ಮಗುಚಿ ಬಿದ್ದಿತ್ತು, ಯಾರದೋ ಕೈ ತಂದು ಇಟ್ಟಂಗೆ.

"ಅತ್ತೆ, ಎರಡೂ ಕೈ ಮೇಲೆತ್ತು."

"ಯಾಕೆ, ಪೋಲೀಸ್ನೋಳಾ ನೀನು?"

"ಎತ್ತು ಅಂದ್ರೆ ಎತ್ತು!"

ಬಲಗೈ ಮೇಲೆ ಹೋಯ್ತು. ಎಡಗೈ ಅರ್ಧಕ್ಕೆ ಬಂದು ನಿಧಾನವಾಗಿ ಇಳಿದು ಮತ್ತೆ ತೊಡೆ ಮೇಲೆ ಬಿತ್ತು. ಅವಳಿಗೆ ಅದು ಗೊತ್ತೇ ಆಗ್ಲಿಲ್ಲ. ಎರಡೂ ಎತ್ತಿದ್ದೀನಿ ಅನ್ನೋ ಹಂಗೆ ನನ್ನ ಮುಖ ನೋಡ್ತಾ ಕೂತಿದ್ಲು. ನನ್ನ ಕೈಲಿದ್ದ ಕಡ್ಡಿ ಅಲ್ಲೇ ಬಿತ್ತು. ಅಮಲಿಗೆ ಕೈ ಬೀಳಲ್ಲ ಅಂತ ಸೊಪ್ಪಿನೂರಿನ ಕೂಸಿಗೂ ಗೊತ್ತು.

ಪಾರ್ಕಿಗೆ ಕರ್ಕೊಂಡು ಹೋಗಿದ್ದ ಅದೇ ವ್ಯಾನಿನ ಡ್ರೈವರ್ ಸಾಬರನ್ನೇ ಕರೆಸಿದ್ವಿ. ಹುಣಸೂರಲ್ಲಿ ನೋಡಿದೋರು ಇಲ್ಲಿ ನಿಲ್ಲಬೇಡಿ, ಮೈಸೂರಿಗೆ ನಡೀರಿ ಅಂದ್ರು. ದಾರೀಲಿ ಅವಳ ತಲೆ ನನ್ನ ತೊಡೆ ಮೇಲಿತ್ತು. ಮಾತಾಡಿಸಿದ್ರೆ ಹೂಂ ಅಂತಿದ್ಲು, ಆಮೇಲೆ ಅದೂ ನಿಂತುಹೋಯ್ತು. ಬೈಯೇ, ಒಂದ್ಸಲ ಬೈಯೇ ಅಂತ ಗಲ್ಲ ತಟ್ಟಿದೆ. ಸಾಬರು ಕನ್ನಡೀಲಿ ನೋಡಿ, "ಹೋಗೇಬಿಟ್ವಿ ಅಮ್ಮ, ಹೋಗೇಬಿಟ್ವಿ" ಅನ್ನೋರು.

ಸ್ಕ್ಯಾನ್ ಮಾಡಿದ ಡಾಕ್ಟ್ರು, ತಲೆಬುರುಡೆ ಒಳಗೆ ರಕ್ತ ಸೋರಿ ಸೋರಿ ನಿಂತು ಮೆದುಳನ್ನ ಒತ್ತಿದೆ, ಈಗಿನದಲ್ಲ, ಕೆಲವು ವಾರದಿಂದ ತುಂಬ್ಕೊಂಡು ಬಂದಿರೋದು, ಬುರುಡೆಗೆ ತೂತು ಮಾಡಿ ತೆಗೀಬೇಕು ಅಂದ್ರು. ಆಮೇಲೆ ಆ ಪ್ರಶ್ನೆ ಕೇಳಿದ್ರು. "ಎಲ್ಲಾದ್ರೂ ಬಿದ್ದಿದ್ರಾ? ತಲೆಗೆ ಪೆಟ್ಟು ಬಿದ್ದಿತ್ತಾ?"

ನನ್ನ ಗಂಡ ಇಲ್ಲ ಅಂದ. ನಾನೂ ಇಲ್ಲ ಅಂದೆ. ಎಲ್ಲೂ ಬಿದ್ದಿರ್ಲಿಲ್ವಲ್ಲ. ಅಷ್ಟರಲ್ಲಿ ಕೆ.ಆರ್. ನಗರದಿಂದ ಓಡಿ ಬಂದಿದ್ದ ನಾದಿನಿ ಬಾಗಿಲಲ್ಲೇ ನಿಂತು ಅದನ್ನ ಕೇಳಿದ್ಲು. ಡಾಕ್ಟ್ರ ಮುಖ ನೋಡ್ಲಿಲ್ಲ ಅವಳು, ನನ್ನ ಮುಖ ನೋಡಿದ್ಲು.

ಆಪರೇಷನ್ ಒಳಗೆ ನಡೀತಿರೋವಾಗ ಹೊರಗೆ ಬೆಂಚಿನ ಮೇಲೆ ಅವಳು ಸುರು ಮಾಡಿದ್ಲು. "ನಮ್ಮವ್ವ ಬೀಳ್ಲಿಲ್ಲ ಅಂದ್ರೆ ಪೆಟ್ಟು ಎಂಗ್ ಬಂತು? ನಾ ಆಸ್ಪತ್ರೆಗೆ ಅಂದ್ರೆ ಅಮಲು ಅಮಲು ಅಂತ ಯಾಕೆ ಮುಚ್ಚಿಟ್ಟೆ? ಮೂಗು ಹಿಡಿದು ಹುಯ್ತೀನಿ ಅಂದಿದ್ದು ನಂಗೆ ಕೇಳ್ಸಿಲ್ವಾ? ಸಾಯಿ ಅತ್ಲಾಗೆ ಅಂದಿದ್ದು ಊರೇ ಕೇಳಿಲ್ವಾ?" ಒಂದೊಂದೂ ನಿಜ. ಒಂದೊಂದಾಗಿ ಜೋಡಿಸಿದ್ರೆ ಮಾತ್ರ ಸುಳ್ಳು. ಆಗ ನಂಗೆ ಆ ಗಾಡಿ ನೆನಪಾಯ್ತು, ಕೊಂಡಿಗೆ ಬಡೀತಿದ್ದ ತಲೆ ಕಣ್ಣಿಗೆ ಕಟ್ತು. ಓಡಿಹೋಗಿ ಡಾಕ್ಟ್ರಿಗೆ ಹೇಳಿದೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರಿಗೆ, ವಯಸ್ಸಾದೋರಿಗೆ, ಬರೀ ತಲೆ ಜೋರಾಗಿ ಕುಲುಕಿದ್ರೂ ಹಿಂಗಾಗೋದುಂಟು, ಅದರಿಂದಲೇ ಆಗಿರಬಹುದು ಅಂದ್ರು ಅವರು.

ಆಗಿರಬಹುದು. ಈ ಮಾತು ಹಿಡ್ಕೊಂಡು ನಾನು ಊರಿನ ಬಾಯಿ ಮುಚ್ಚಿಸಬೇಕಿತ್ತು. ಪೊಲೀಸ್ನೋರು ಒಬ್ಬರು ಬಂದು ಕೇಳಿ ಬರ್ಕೊಂಡು ಹೋದ್ರು, ಅಲ್ಲಿಗೆ ಮುಗೀತು. ಊರಿಗೆ ಮುಗೀಲಿಲ್ಲ. ಬೆಲ್ಟ್ ಹಾಕ್ಕೊಂಡು ಮೆತ್ತೆ ಮೇಲೆ ಕೂತರೆ ತಲೆ ಒಡೀತದಾ, ಅಷ್ಟು ಜನ ಹತ್ತಿದ್ರಲ್ಲ, ಅವರ ತಲೆ ಎಲ್ಲ ಗಟ್ಟಿ ಇದೆಯಲ್ಲ, ಸೊಸೆ ತಲೇನೂ ಗುಂಡುಕಲ್ಲಿನಂಗಿದೆಯಲ್ಲ ಅಂತ ಮಾತು. ಮುಯ್ಯಿ ಹೆಂಗಸರು ಜಗಳ ಆಡ್ಲಿಲ್ಲ. ಇವತ್ತು ಮೈ ಸರಿಯಿಲ್ಲ, ನಾಳೆ ನೆಂಟರು ಬರ್ತಾರೆ ಅಂತ ಒಬ್ಬೊಬ್ಬರಾಗಿ ನಮ್ಮ ಹೊಲಕ್ಕೆ ಬರೋದು ಬಿಟ್ರು. ನಾನಾಗಿ ಅವರ ಹೊಲಕ್ಕೆ ಹೋದ್ರೆ ಆಳು ಸಾಕಾಗಿದ್ದಾರೆ ಬುಡಕ್ಕ ಅಂದ್ರು. ಎಲೆ ಗಿಡದಲ್ಲೇ ಹಣ್ಣಾಗಿ ನೆಲಕ್ಕೆ ಬಿತ್ತು.

ನಾದಿನಿ ಯಾಕೆ ಅಷ್ಟು ಹಟ ಹಿಡಿದ್ಲು ಅಂತ ನಂಗೆ ತಡವಾಗಿ ಅರ್ಥ ಆಯ್ತು. ಒಂದಿನ ಅವಳ ಮಗಳು ಫೋನ್ ಮಾಡಿದ್ಲು. ಅಳು ತಡೀಲಾರದೆ ಬಿಕ್ಕುತ್ತಿದ್ಲು. "ನಾನು ಮತ್ತೆ ಮತ್ತೆ ಹತ್ತಿಸ್ದೆ. ನನ್ನಿಂದಾನೇ ಆಯ್ತಾ? ನಿಜ ಹೇಳಿ" ಅಂದ್ಲು. ಅವಳವ್ವ ಪಕ್ಕದಲ್ಲೇ ಇದ್ಲು, ಉಸಿರಾಡೋದು ಕೇಳಿಸ್ತಿತ್ತು. ಪೆಟ್ಟು ಗಾಡೀದು ಅಂದ್ರೆ ಈ ಹುಡುಗಿ ಕೊರಗಿ ಸಾಯ್ತಾಳೆ. ಗಾಡೀದಲ್ಲ ಅಂದ್ರೆ ನಂದು. ನಂಗೆ ನಾದಿನಿ ಮೇಲೆ ಕೋಪ ಉಕ್ಕಿ ಬಂತು. ಆದರೆ ಆ ಮಗು ಏನು ಮಾಡಿತ್ತು? ಗಲ್ಲ ಹಿಡಿದು ಅಜ್ಜೀನ ಕರೆದಿತ್ತು, ಅಷ್ಟೇ ತಾನೇ. "ಇಲ್ಲ ಕಣವ್ವ, ಅದರಿಂದೆಲ್ಲ ಹಂಗಾಗಲ್ಲ. ನೀನು ಹತ್ತಿದ್ದೆ, ನಿಂಗೇನಾಯ್ತು? ಓದ್ಕೋ ಹೋಗು" ಅಂದೆ. ಆ ಕಡೆ ನಾದಿನೀನೇ ಫೋನ್ ಇಸ್ಕೊಂಡು ಕಟ್ ಮಾಡಿದ್ಲು.

ಇನ್ನು ನಂಗೆ ಉಳಿದಿದ್ದೋಳು ಅತ್ತೆ ಒಬ್ಬಳೇ. ಅವಳಿಗೆ ಗೊತ್ತಲ್ಲ. ಪ್ರಜ್ಞೆ ಬಂದು ಮಾತು ಬಂದ ದಿನ ಅವಳೇ ಬೈತಾಳೆ: ನನ್ ಸೊಸೆ ಬಾಯಿ ಕೆಟ್ಟದ್ದು ಕಣ್ರಲಾ, ಕೈ ಅಲ್ಲ, ಅಂತ. ಅದನ್ನೇ ಕಾಯ್ಕೊಂಡು ಆಸ್ಪತ್ರೆ ಕಾರಿಡಾರಲ್ಲಿ ಕೂತಿದ್ದೆ.

ಮಾತು ಬಂತು. ಮಗನ ಗುರುತು ಸಿಕ್ತು, ಮಗಳ ಗುರುತು ಸಿಕ್ತು, ನನ್ನ ಗುರುತೂ ಸಿಕ್ತು. ಆ ವರ್ಷ ಮಾತ್ರ ಅವಳ ತಲೆಯಿಂದ ಒರೆಸಿ ಹೋಗಿತ್ತು. ಪಾರ್ಕಿಗೆ ಹೋಗಿದ್ದೆ ಅಂದ್ರೆ "ನಾನಾ?" ಅಂತಾಳೆ. ವಿಡಿಯೋ ತೋರಿಸಿದ್ವಿ. ಸೆರಗು ಬಿಗಿದ್ಕೊಂಡು ನಗ್ತಾ ನಿಂತಿರೋ ತನ್ನನ್ನೇ ನೋಡಿ, "ಯಾರವ್ವ ಈ ಮುದ್ಕಿ, ಬಲೇ ಗಟ್ಟಿಗಿತ್ತಿ" ಅಂದ್ಲು. ನಾನು ಆಚೆ ಹೋಗಿ ಅತ್ತುಬಿಟ್ಟೆ.

ಮನೆಗೆ ಕರ್ಕೊಂಡು ಬಂದ ಮೇಲೆ ನೋಡೋಕೆ ಬರೋರ ಸಾಲು. ಬಂದೋರು ಅವಳ ತಲೆ ಮೇಲಿನ ಹೊಲಿಗೆ ನೋಡಿ ಲೊಚಗುಟ್ಟೋರು, ನಾನು ಕಾಫಿ ತರೋಕೆ ಒಳಗೆ ಹೋಗೋದೇ ತಡ, "ಯಾರು ಹೊಡೆದ್ರು ಕಣವ್ವ? ಹೇಳು, ಎದ್ರುಕೋಬ್ಯಾಡ" ಅಂತ ಕಿವಿ ಹತ್ರ ಬಗ್ಗಿ ಕೇಳೋರು. ದಿನಾ ಯಾರಾದ್ರೊಬ್ಬರು ಕೇಳೋರು. ಅವಳು ಗೋಡೆ ನೋಡ್ತಾ ಕೂತಿರೋಳು. ಎಲ್ಲಾನೂ ಕೇಳಿಸ್ಕೊಳ್ತಿದ್ಲು. ನೆನಪಿಲ್ಲದ ತಲೆಗೆ ಯಾರು ಏನು ತುಂಬಿದ್ರೂ ಅದೇ ನೆನಪಾಗ್ತದೆ ಅಂತ ನಂಗೆ ಹೊಳೀಲೇ ಇಲ್ಲ.

ಬಲಗೈ ಚೆನ್ನಾಗೇ ಇದೆ, ಆದರೆ ತುತ್ತು ಬಾಯಿಗೆ ಇಡಬೇಕು ಅನ್ನೋದನ್ನ ಮರೀತಾಳೆ. ಅದಕ್ಕೆ ತಿನ್ನಿಸಬೇಕು. ನಾದಿನಿ ಇರೋ ತನಕ ಅವಳು ತಿನ್ನಿಸಿದ್ಲು. ಅವಳು ಊರಿಗೆ ಹೊರಟ ದಿನ, ಬ್ಯಾಗು ಹೆಗಲಿಗೆ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದಾಗ, ನಾನು ತಟ್ಟೆ ಹಿಡ್ಕೊಂಡು ಅತ್ತೆ ಎದುರಿಗೆ ಕೂತೆ. ಮುದ್ದೆ ಮುರಿದು ಸಾರಿಗೆ ಅದ್ದಿ ಕೈ ಎತ್ತಿದೆ.

ಅವಳು ತಟ್ಟನೆ ಬಲಗೈ ಮುಖಕ್ಕೆ ಅಡ್ಡ ತಂದ್ಲು. ತಲೆ ಗೋಡೆ ಕಡೆ ತಿರುಗಿಸಿ, ಮೈ ಮುದುರ್ಕೊಂಡು, ನಾನು ಯಾವತ್ತೂ ಅವಳ ಬಾಯಲ್ಲಿ ಕೇಳದ ಸಣ್ಣ ದನೀಲಿ ಅಂದ್ಲು:

"ಹೊಡೀಬ್ಯಾಡ ಕಣವ್ವ. ಉಣ್ತೀನಿ."

ನಾದಿನಿ ಬಾಗಿಲಲ್ಲಿ ನಿಂತು ನೋಡಿದ್ಲು. ಚಪ್ಪಲಿ ಮೆಟ್ಕೊಂಡು ಹೋದ್ಲು. ಸಾರು ನನ್ನ ಮೊಣಕೈವರೆಗೂ ಇಳೀತಿತ್ತು, ಕೈ ಕೆಳಗಿಳಿಸೋಕೂ ನಂಗೆ ಹೆದರಿಕೆ ಆಯ್ತು.

ಈಗ ದಿನಾ ಮೂರು ಹೊತ್ತು ನಾನೇ ತಿನ್ನಿಸೋದು. ಮೊದಲು ಎರಡೂ ಕೈ ಅವಳಿಗೆ ಕಾಣೋ ಹಂಗೆ ತೊಡೆ ಮೇಲೆ ಇಟ್ಕೊಳ್ತೀನಿ. "ಅತ್ತೆ, ಕೈ ಎತ್ತುತಾ ಇದೀನಿ, ಊಟಕ್ಕೆ" ಅಂತ ಮೆತ್ತಗೆ ಹೇಳ್ತೀನಿ. ಅವಳು ನನ್ನ ಕೈ ನೋಡ್ತಾಳೆ, ಮುಖ ನೋಡ್ತಾಳೆ. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಕೊಂಡು ಬಾಯಿ ತೆಗೀತಾಳೆ.